ಹಳೆ ಸ್ಪೀಡ್‌ಬೋಟ್ ಕೊಳ್ಳುವ ಮುಂಚೆ ನೀರಿನ ದಾರಿ ಹುಡುಕಿ

(ಬೆಂಗಳೂರಿನಲ್ಲಿ ಹಳೆ ಕಾರು, ಬೈಕು ರಿಪೇರಿಯ ಹುಚ್ಚಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಗೆ ಕೊಟ್ಟು ತೋರಿಸಿದ ಮರದ ತುಂಡು, ತುಕ್ಕು ಹಿಡಿದ ಮ್ಯಾನಿಫೋಲ್ಡ್ ಅನ್ನುವ ಇಂಜಿನ್ ಹೊಗೆ ಕೊಳವೆ ಇಲ್ಲಿ ಇಲ್ಲ. ಹಾಗಾಗಿ ಕೆಲವು ಕಡೆ ವಿವರಣೆ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರಿಗೆ ಇಂಜಿನ್ ಬಿಚ್ಚಿ ಕಟ್ಟಿ ಗೊತ್ತು. ಜೆಸಿ ರೋಡಿನ ಕಾರು ಬಿಡಿಭಾಗಗಳ ಅಂಗಡಿಗಳು ಪರಿಚಯ. ಪೀಣ್ಯದಲ್ಲಿ ಯಾರು ಸಿಲಿಂಡರ್ ಬೋರಿಂಗ್ ಚೆನ್ನಾಗಿ ಮಾಡುತ್ತಾರೆ ಅಂತಲೂ ಗೊತ್ತು. ಹಾಗಾಗಿ ಹಳೆಯ ಸ್ಪೀಡ್‌ಬೋಟ್ ನೋಡೋಕೆ ಹೋದರೆ ನಿಮ್ಮ ಕೈ ಮೊದಲು ಇಂಜಿನ್ ಮುಚ್ಚಳಕ್ಕೆ ಹೋಗುತ್ತದೆ. ಒಳಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಇಂಜಿನ್ ಕಂಡರೆ ಮನಸ್ಸು ಅಲ್ಲೇ ಕೂತುಬಿಡುತ್ತದೆ. ನಾನು ಇವತ್ತು ಕೇಳಿಕೊಳ್ಳುವುದು ಇಷ್ಟೇ. ಆ ಮುಚ್ಚಳವನ್ನು ಕೊನೆಗೆ ತೆಗೆಯಿರಿ. ಮೊದಲು ಈ ಬೋಟಿನ ಮೈಯೊಳಗೆ ನೀರು ಎಲ್ಲಿಂದ ಹೋಗಿದೆ, ಎಲ್ಲಿ ನಿಂತಿದೆ ಅಂತ ಹುಡುಕಿ. ಇಂಜಿನ್ ಕೆಟ್ಟಿದ್ದರೆ ಇನ್ನೊಂದು ಸಿಗುತ್ತದೆ. ಮೈಯೊಳಗಿನ ಮರ ಕೊಳೆತಿದ್ದರೆ ಬೋಟನ್ನೇ ಬಿಚ್ಚಿ ಕಟ್ಟಬೇಕು.

ಅಷ್ಟೊಂದು ತೊಂದರೆ ಇದ್ದರೆ ಹಳೆಯದು ಯಾಕೆ ಬೇಕು ಅಂತ ಕೇಳಬಹುದು. ಅದಕ್ಕೆ ಉತ್ತರ ತಳದ ಆಕಾರದಲ್ಲಿದೆ. 1960ರಲ್ಲಿ ಅಮೆರಿಕದ ಮಿಯಾಮಿಯಿಂದ ಬಹಾಮಾಸ್‌ನ ನಸಾವ್‌ಗೆ ಒಂದು ರೇಸ್ ನಡೆಯಿತು. ಸಮುದ್ರ ಸಿಕ್ಕಾಪಟ್ಟೆ ಒರಟಾಗಿತ್ತು. ಗೆದ್ದದ್ದು 'ಮಾಪಿ' ಅನ್ನುವ ಮರದ ಬೋಟ್. ಅದನ್ನು ವಿನ್ಯಾಸ ಮಾಡಿದವರು ರೇಮಂಡ್ ಹಂಟ್, ರೇಸಿಗೆ ಇಳಿಸಿದವರು ರಿಚರ್ಡ್ ಬರ್ಟ್ರಮ್. ಅಲ್ಲಿಯವರೆಗೆ ವೇಗದ ಬೋಟ್ ಅಂದರೆ ಹಿಂಭಾಗದ ತಳ ಹೆಚ್ಚುಕಡಿಮೆ ಚಪ್ಪಟೆ. ಹಂಟ್ ಅವರು ಮುಂದಿನಿಂದ ಹಿಂದಿನ ತುದಿಯವರೆಗೂ ತಳವನ್ನು ಆಳವಾದ ವಿ ಆಕಾರದಲ್ಲಿ ಇಟ್ಟರು. ಚಪ್ಪಟೆ ತಳ ಅಲೆಯ ಮೇಲೆ ಬಡಿಯುತ್ತದೆ, ಈ ತಳ ಅಲೆಯನ್ನು ಸೀಳಿಕೊಂಡು ಇಳಿಯುತ್ತದೆ. ಮುಂದಿನ ವರ್ಷಗಳಲ್ಲಿ ಡಾನ್ ಆರೊನೋ ಎಂಬ ರೇಸರ್ ಮಿಯಾಮಿಯಲ್ಲಿ ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ಸಿಗರೆಟ್ ಅಂತ ಒಂದರ ಹಿಂದೆ ಒಂದು ಕಂಪನಿ ಕಟ್ಟಿದರು. ಎಲ್ಲದರ ಬುಡದಲ್ಲೂ ಇದೇ ಆಳವಾದ ವಿ. ಹಿಂದಿನ ತುದಿಯಲ್ಲಿ ತಳದ ಪ್ರತಿ ಪಕ್ಕ ಮಟ್ಟದಿಂದ ಸುಮಾರು 24 ಡಿಗ್ರಿ ಓರೆ. ಇವತ್ತು ಹೊಸ ಬೋಟ್ ಕೊಂಡರೂ ಒರಟು ನೀರಿಗೆ ಮಾಡಿದ್ದಾದರೆ ತಳದ ಮೂಲ ಅದೇ. ಅಂದರೆ 1980ರ ದಶಕದ ಒಳ್ಳೆಯ ಬೋಟಿನ ಆಕಾರಕ್ಕೆ ಇನ್ನೂ ವಯಸ್ಸಾಗಿಲ್ಲ. ವಯಸ್ಸಾಗಿರುವುದು ಅದರೊಳಗಿನ ಮರಕ್ಕೆ, ರಬ್ಬರಿಗೆ, ವೈರಿಗೆ. ಇವನ್ನೆಲ್ಲ ನಾವು ಬದಲಾಯಿಸಬಹುದು.

ನಮ್ಮಲ್ಲಿ ಕೆಲವರು 2004ರಲ್ಲಿ ಮುಂಬೈಯಲ್ಲಿ, 2018ರಲ್ಲಿ ಅಮರಾವತಿಯ ಕೃಷ್ಣಾ ನದಿಯಲ್ಲಿ ನಡೆದ ಎಫ್1 ಪವರ್‌ಬೋಟ್ ರೇಸ್ ನೋಡಿರಬಹುದು. ಅವು ಬೇರೆ ಜಾತಿ. ಎರಡು ಪಕ್ಕದಲ್ಲಿ ತೇಲುವ ಮೈ, ನಡುವೆ ಗಾಳಿಯ ಸುರಂಗ, ಒಬ್ಬನೇ ಚಾಲಕ. ನಾನು ಹೇಳುತ್ತಿರುವುದು ನಾಲ್ಕೈದು ಜನ ಕೂತು ಸಮುದ್ರಕ್ಕೆ ಹೋಗಬಹುದಾದ, 20ರಿಂದ 26 ಅಡಿಯ, ಇಂಜಿನ್ ಒಳಗಿರುವ ಬೋಟ್ ಬಗ್ಗೆ. ಇಂಥವು ಮಾರಾಟಕ್ಕೆ ಬರೋದು ಗೋವಾ, ಮುಂಬೈ, ಕೊಚ್ಚಿ ಕಡೆ. ಬೆಂಗಳೂರಲ್ಲಿ ಕೂತು ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಹೊಳೆಯುವ ಬಣ್ಣ ಫೋಟೋದಲ್ಲಿ ಕಾಣುತ್ತದೆ, ಒದ್ದೆ ಮರ ಕಾಣುವುದಿಲ್ಲ.

ಈಗ ಮರದ ವಿಷಯ. ಫೈಬರ್ ಬೋಟ್ ಅಂತ ಕರೆಯುತ್ತೇವೆ, ಆದರೆ ಆ ಕಾಲದ ಹೆಚ್ಚಿನ ಬೋಟುಗಳಲ್ಲಿ ಬಲ ಕೊಡುವುದು ಫೈಬರ್ ಒಳಗೆ ಮುಚ್ಚಿಹೋಗಿರುವ ಮರ. ಮುಖ್ಯವಾದ ಜಾಗ ಎರಡು. ಒಂದು ಟ್ರಾನ್ಸಮ್, ಅಂದರೆ ಬೋಟಿನ ಹಿಂದಿನ ಗೋಡೆ. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್. ಸ್ಟರ್ನ್‌ಡ್ರೈವ್ ಬೋಟಿನಲ್ಲಿ ಇಂಜಿನ್ ಒಳಗಿರುತ್ತದೆ, ಪ್ರೊಪೆಲ್ಲರ್ ಇರುವ ಡ್ರೈವ್ ಈ ಗೋಡೆಯ ಆಚೆ ಬೋಲ್ಟ್ ಮೇಲೆ ನಿಂತಿರುತ್ತದೆ. ಇಂಜಿನ್ನಿನ ಪೂರ್ತಿ ತಳ್ಳುವಿಕೆ ಬೋಟಿಗೆ ತಲುಪುವುದು ಈ ಗೋಡೆಯ ಮೂಲಕ. ಇನ್ನೊಂದು ಜಾಗ ಸ್ಟ್ರಿಂಗರ್. ತಳದ ಉದ್ದಕ್ಕೂ ಹೋಗುವ ತೊಲೆಗಳು. ಇಂಜಿನ್ ಕೂತಿರುವುದು ಇವುಗಳ ಮೇಲೆ.

ಈ ಮರಕ್ಕೆ ನೀರು ಹೋಗುವುದು ದೊಡ್ಡ ತೂತಿನಿಂದ ಅಲ್ಲ. ಸಣ್ಣ ಸ್ಕ್ರೂಗಳಿಂದ. ಯಾರೋ ಒಬ್ಬರು ಆಳ ನೋಡುವ ಸೆನ್ಸಾರ್ ಬೇಕು ಅಂತ ಟ್ರಾನ್ಸಮ್ಮಿಗೆ ಎರಡು ಸ್ಕ್ರೂ ಹೊಡೆದಿರುತ್ತಾರೆ. ಇನ್ನೊಬ್ಬರು ಏಣಿ ಕೂರಿಸಿರುತ್ತಾರೆ. ನೀರು ಬಸಿಯುವ ಪ್ಲಗ್ಗಿನ ಹಿತ್ತಾಳೆ ಕೊಳವೆ ಸುತ್ತಲಿನ ಸೀಲೆಂಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಹನಿ ಹನಿಯಾಗಿ ನೀರು ಇಳಿದು ಪ್ಲೈವುಡ್‌ನ ಪದರಗಳ ಗುಂಟ ಹರಡುತ್ತದೆ. ಫೈಬರ್ ಮುಚ್ಚಿರುವುದರಿಂದ ಹೊರಗೆ ಬರೋಕೆ ದಾರಿ ಇಲ್ಲ. ಸ್ಕ್ರೂ ಹೊಡೆದವರು ಬೋಟ್ ಮಾರಿ ಹೋಗಿರುತ್ತಾರೆ, ನೀರು ಅಲ್ಲೇ ಇರುತ್ತದೆ.

ಕಂಡುಹಿಡಿಯೋಕೆ ತೇವ ಅಳೆಯುವ ದುಬಾರಿ ಮೀಟರ್ ಬೇಡ. ಇದ್ದರೆ ಒಳ್ಳೆಯದು. ಆದರೆ ಉಪ್ಪು, ಹಳೆ ಬಣ್ಣ, ಒಳಗಿನ ಲೋಹ ಇವೆಲ್ಲ ಮೀಟರನ್ನು ದಾರಿ ತಪ್ಪಿಸುತ್ತವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗಿ. ಮೇಲಿನಿಂದ ಶುರು ಮಾಡಿ, ಯಾಕೆಂದರೆ ಮೇಲ್ಭಾಗ ಸಾಮಾನ್ಯವಾಗಿ ಒಣಗಿರುತ್ತದೆ. ಅಲ್ಲಿ ಟಣ್ ಟಣ್ ಅಂತ ಗಟ್ಟಿ ದನಿ. ಆ ದನಿ ಕಿವಿಯಲ್ಲಿಟ್ಟುಕೊಂಡು ಕೆಳಗೆ ಬನ್ನಿ. ಡ್ರೈವ್ ಕೂತಿರುವ ದೊಡ್ಡ ಕಿಂಡಿಯ ಕೆಳಗೆ, ಪ್ಲಗ್ಗಿನ ಸುತ್ತ ಡಬ್ ಅಂತ ಸತ್ತ ದನಿ ಬಂದರೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ಆಮೇಲೆ ಡ್ರೈವಿನ ತುದಿ ಹಿಡಿದು ಮೇಲೆ ಕೆಳಗೆ ಬಲವಾಗಿ ಅಲ್ಲಾಡಿಸಿ, ಇನ್ನೊಬ್ಬರು ಟ್ರಾನ್ಸಮ್ ನೋಡುತ್ತಿರಲಿ. ಗೋಡೆ ಒಂದಿಷ್ಟೂ ಬಾಗಬಾರದು. ಬೋಲ್ಟಿನ ವಾಷರ್ ಸುತ್ತ ಫೈಬರ್ ಒಳಕ್ಕೆ ಕುಸಿದಿದೆಯಾ ನೋಡಿ. ಕುಸಿದಿದ್ದರೆ ಒಳಗಿನ ಮರ ಮೆತ್ತಗಾಗಿದೆ, ಯಾರೋ ಬೋಲ್ಟ್ ಬಿಗಿ ಮಾಡುತ್ತಲೇ ಬಂದಿದ್ದಾರೆ.

ಕೊನೆಯ ಪರೀಕ್ಷೆಗೆ ಮಾಲೀಕರ ಒಪ್ಪಿಗೆ ಬೇಕು. ಕೆಳಗಿನ ಒಂದು ಸ್ಕ್ರೂ ಬಿಚ್ಚಿ. ನಾನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದ ತುಂಡು ಅಂಥ ಜಾಗದ್ದೇ. ಸ್ಕ್ರೂ ಹೊರಗೆ ಬಂದ ಕೂಡಲೇ ತೂತಿನಿಂದ ಕಂದು ನೀರು ಒಸರಿತ್ತು. ಬೆರಳಿಗೆ ಹುಳಿ ವಾಸನೆ ಹತ್ತಿತ್ತು. ಸ್ಕ್ರೂವಿನ ತುದಿಯ ಅರ್ಧ ಇಂಚು ಕಪ್ಪಾಗಿ ಸವೆದು ಸೂಜಿಯಷ್ಟು ತೆಳ್ಳಗಾಗಿತ್ತು. ಆ ಟ್ರಾನ್ಸಮ್ ತೆರೆದಾಗ ಕೆಳಗಿನ ಮೂರನೇ ಒಂದು ಭಾಗದ ಮರ ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಬೆರಳಲ್ಲೇ ಕಿತ್ತು ಬಂತು. ಮೇಲಿನ ಬಣ್ಣ ಮಾತ್ರ ಹೊಸದಾಗಿತ್ತು.

ಸ್ಟ್ರಿಂಗರ್ ನೋಡೋದು ಇನ್ನೂ ಕಷ್ಟ, ಅದು ನೆಲದ ಕೆಳಗಿರುತ್ತದೆ. ಇಂಜಿನ್ ಪಕ್ಕದಲ್ಲಿ ಕಾಣುವಷ್ಟು ಭಾಗ ತಟ್ಟಿ. ಇಂಜಿನ್ ಮೌಂಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ. ಅದು ಕೊನೆಯಿಲ್ಲದೆ ತಿರುಗುತ್ತಿದ್ದರೆ ಮರಕ್ಕೆ ಹಿಡಿತ ಉಳಿದಿಲ್ಲ. ನೆಲದ ಮೇಲೆ ಬರಿಗಾಲಲ್ಲಿ ನಡೆದು ನೋಡಿ, ಮೆತ್ತಗಿರುವ ಜಾಗ ಪಾದಕ್ಕೆ ತಿಳಿಯುತ್ತದೆ. ಕೆಲವು ಬೋಟುಗಳಲ್ಲಿ ಸ್ಟ್ರಿಂಗರ್ ನಡುವೆ ತೇಲೋಕೆ ಅಂತ ಫೋಮ್ ತುಂಬಿರುತ್ತಾರೆ. ಹತ್ತಿಪ್ಪತ್ತು ವರ್ಷ ನೀರಲ್ಲಿ ನಿಂತ ಫೋಮ್ ನೀರು ಕುಡಿಯುತ್ತದೆ. ಒಂದು ಘನ ಅಡಿ ನೀರಿನ ತೂಕ 28 ಕಿಲೋ. ಇದಕ್ಕೆ ಒಂದು ಸರಳ ಉಪಾಯ ಇದೆ. ಬೋಟನ್ನು ಟ್ರೇಲರ್ ಸಮೇತ ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಟ್ರೇಲರ್ ತೂಕ, ಟ್ಯಾಂಕಿನ ಪೆಟ್ರೋಲ್ ಕಳೆಯಿರಿ. ಕಂಪನಿ ಕೊಟ್ಟಿರುವ ಒಣ ತೂಕದ ಜೊತೆ ಹೋಲಿಸಿ. ಸಾಮಾನು ಇಳಿಸಿದ ಮೇಲೂ ಇನ್ನೂರು ಮುನ್ನೂರು ಕಿಲೋ ಜಾಸ್ತಿ ಬಂದರೆ ಆ ತೂಕ ಎಲ್ಲಿಂದ ಬಂತು ಅಂತ ಮಾರುವವರೇ ಹೇಳಲಿ.

ಇನ್ನು ವೇಗದ ಬೋಟಿಗೆ ಮಾತ್ರ ಬೇಕಾದ ಪರೀಕ್ಷೆ. ಗಾರೆಯವರು ಗೋಡೆ ಮಟ್ಟ ನೋಡುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇದೆಯಲ್ಲ, ಅದೊಂದು ತೆಗೆದುಕೊಂಡು ಹೋಗಿ. ಬೋಟಿನ ಕೆಳಗೆ ಮಲಗಿ, ಹಿಂದಿನ ತುದಿಯಿಂದ ಮುಂದಕ್ಕೆ ಐದಾರು ಅಡಿ ತಳಕ್ಕೆ ಪಟ್ಟಿ ಹಿಡಿಯಿರಿ. ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಬಾರದು. ತಳ ನಡುವೆ ಒಳಕ್ಕೆ ಬಾಗಿದ್ದರೆ ಅದನ್ನು ಹುಕ್ ಅನ್ನುತ್ತಾರೆ. ಓಡುವಾಗ ಅದು ಹಿಂಭಾಗವನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ವೇಗ ಹೋಗುತ್ತದೆ, ತಿರುವಿನಲ್ಲಿ ಅಪಾಯವೂ ಇದೆ. ಹೊರಕ್ಕೆ ಉಬ್ಬಿದ್ದರೆ ಮೂತಿ ಎದ್ದು ಬಿದ್ದು ಕುಣಿಯುತ್ತದೆ. ಹುಕ್ ಬರೋದು ಹೆಚ್ಚಾಗಿ ಟ್ರೇಲರಿನಿಂದ. ಟ್ರೇಲರಿನ ಹಲಗೆ ಟ್ರಾನ್ಸಮ್‌ವರೆಗೆ ತಲುಪದೆ ಒಂದಡಿ ಮುಂಚೆ ನಿಂತಿರುತ್ತದೆ, ಇಂಜಿನ್ ಭಾರ ಅದರಾಚೆ ವರ್ಷಗಟ್ಟಲೆ ತೂಗುತ್ತದೆ, ತಳ ಹಲಗೆಯ ತುದಿಯ ಮೇಲೆ ಬಾಗುತ್ತದೆ. ಹಾಗೆಯೇ ತಳ ಮತ್ತು ಟ್ರಾನ್ಸಮ್ ಸೇರುವ ಅಂಚಿಗೆ ಬೆರಳು ಸವರಿ. ಅದು ಚೂಪಾಗಿರಬೇಕು. ಬಣ್ಣ ಬಳಿಯುವವರು ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದರೆ ನೀರು ಅಲ್ಲಿ ಬಿಟ್ಟುಹೋಗದೆ ಸುತ್ತಿಕೊಂಡು ಹಿಡಿದೆಳೆಯುತ್ತದೆ.

ಈಗ ಮುಚ್ಚಳ ತೆಗೆಯಬಹುದು.

ನೀವು ಹೋಗುವ ಹೊತ್ತಿಗೆ ಇಂಜಿನ್ ತಣ್ಣಗಿರಬೇಕು ಅಂತ ಮುಂಚೆಯೇ ಹೇಳಿಬಿಡಿ. ಹೋದ ತಕ್ಷಣ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಲೇಬೇಕು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡೋದು ನಿಮಗೆ ಹೇಳಿಕೊಡಬೇಕಿಲ್ಲ. ಎಂಟೂ ಸಿಲಿಂಡರ್ ಶೇ. 10–15ರ ಒಳಗೆ ಹತ್ತಿರ ಹತ್ತಿರ ಇರಬೇಕು. ಕಾರಿನವರಿಗೆ ಹೊಸದು ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಬೋಟಿನಲ್ಲಿ ಇದಕ್ಕೆ ಎರಡು ಪದರ. ಒಳಗೆ ಹೊಗೆ, ಅದರ ಸುತ್ತ ತಂಪು ಮಾಡೋ ನೀರು. ಹಳೆಯ ಬೋಟುಗಳಲ್ಲಿ ಅದು ನೇರ ಸಮುದ್ರದ ನೀರು. ಬೀಡು ಕಬ್ಬಿಣ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಒಂದು ದಿನ ಗೋಡೆ ತೂತಾಗಿ ನೀರು ಎಕ್ಸಾಸ್ಟ್ ವಾಲ್ವ್ ದಾಟಿ ಸಿಲಿಂಡರಿಗೆ ಇಳಿಯುತ್ತದೆ. ನೀರನ್ನು ಪಿಸ್ಟನ್ ಒತ್ತೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಉಪ್ಪು ನೀರಲ್ಲಿ ಓಡಿದ ಮ್ಯಾನಿಫೋಲ್ಡನ್ನೂ ಅದರ ಮೇಲಿನ ರೈಸರ್ ಅನ್ನುವ ಕೊಳವೆಯನ್ನೂ ಐದಾರು ವರ್ಷಕ್ಕೆ ಬದಲಾಯಿಸಬೇಕು. ಯಾವಾಗ ಹಾಕಿದ್ದು ಅಂತ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಹೊಸದರ ಬೆಲೆ ಕಳೆದು ಮಾತಾಡಿ.

ಡ್ರೈವಿನ ಗೇರ್ ಆಯಿಲ್ ಕೆಳಗಿನ ಸ್ಕ್ರೂವಿನಿಂದ ಒಂದು ಚಮಚ ಇಳಿಸಿ. ಹಾಲಿನ ಬಣ್ಣ ಬಂದಿದ್ದರೆ ಸೀಲ್ ಹೋಗಿದೆ, ನೀರು ಗೇರಿಗೆ ಸೇರಿದೆ. ಡ್ರೈವ್ ಮತ್ತು ಟ್ರಾನ್ಸಮ್ ನಡುವೆ ಮಡಿಕೆ ಮಡಿಕೆಯ ರಬ್ಬರ್ ಕೊಳವೆಗಳಿವೆ, ಬೆಲ್ಲೋಸ್ ಅಂತಾರೆ. ಡ್ರೈವನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ ಮಡಿಕೆಗಳ ಒಳಗೆ ನೋಡಿ. ಯೂನಿವರ್ಸಲ್ ಜಾಯಿಂಟ್ ಮುಚ್ಚಿರುವ ಬೆಲ್ಲೋಸ್ ಹರಿದರೆ ನೀರು ನೇರ ಬೋಟಿಗೆ ಬರುತ್ತದೆ, ಲಂಗರು ಹಾಕಿದಲ್ಲೇ ಮುಳುಗಿಸಬಲ್ಲದು. ಬೆಲೆಯಲ್ಲಿ ಸಣ್ಣ ರಬ್ಬರ್. ಬೋಟ್ ಕೊಂಡ ಮೇಲೆ ಮೊದಲು ಬದಲಾಯಿಸಬೇಕಾದ್ದು ಇದನ್ನೇ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಾಗದ ಪತ್ರದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1972ರ ಕೊನೆಯಿಂದ ತಯಾರಾದ ಬೋಟುಗಳ ಟ್ರಾನ್ಸಮ್ಮಿನ ಬಲಗಡೆ ಮೇಲೆ 12 ಅಕ್ಷರ–ಅಂಕಿಗಳ ಹಲ್ ನಂಬರ್ ಇರುತ್ತದೆ. ಹಲ್ ಅಂದರೆ ಬೋಟಿನ ಮೈ. ಕಾಗದದಲ್ಲಿರುವುದಕ್ಕೂ ಇದಕ್ಕೂ ತಾಳೆ ಆಗಬೇಕು. ಉಜ್ಜಿ ಅಳಿಸಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸ್ ಬನ್ನಿ.

ಬೋಟ್ ಕೊಂಡಾಯಿತು ಅಂತ ಇಟ್ಟುಕೊಳ್ಳಿ. ಸಮುದ್ರವೇ ಇಲ್ಲದ ಬೆಂಗಳೂರಿಗೆ ತಂದು ಯಾಕೆ ಮಾಡಬೇಕು? ಫೈಬರ್ ಕೆಲಸಕ್ಕೆ ಈ ಊರಿನ ಗಾಳಿಯಷ್ಟು ಒಳ್ಳೆಯದು ಕರಾವಳಿಯಲ್ಲಿ ಸಿಗೋದಿಲ್ಲ. ಮಳೆಗಾಲದ ಕರಾವಳಿಯಲ್ಲಿ ಗಾಳಿಯೇ ಒದ್ದೆ. ತೆರೆದಿಟ್ಟ ಮರ ಒಣಗೋದಿಲ್ಲ, ಎಪಾಕ್ಸಿ ಅನ್ನುವ ಗಟ್ಟಿ ಅಂಟಿನ ಮೇಲೆ ಜಿಡ್ಡು ಪದರ ಕೂರುತ್ತದೆ, ಅದರ ಮೇಲಿನ ಪದರ ಹಿಡಿಯುವುದಿಲ್ಲ. ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಣ ಹವೆ. ನೆಲ ಬಿಚ್ಚಿ, ಒದ್ದೆ ಫೋಮ್ ಕಿತ್ತು, ಶೆಡ್ಡಿನಲ್ಲಿ ಫ್ಯಾನ್ ಹಾಕಿ ಬಿಟ್ಟರೆ ಫೈಬರ್ ನಿಜವಾಗಿ ಒಣಗುತ್ತದೆ. ಮಲ್ಪೆಯಲ್ಲಿ ಫೈಬರ್ ಕೆಲಸ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ, ಅವರ ಕೈಯ ಬಗ್ಗೆ ನನಗೆ ಬಹಳ ಗೌರವ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನುಗಾರರು ತಮ್ಮ ಬೋಟ್ ರಿಪೇರಿಗೆ ಹಾಕುವುದು ಆಗಲೇ. ಹೊಟ್ಟೆಪಾಡಿನ ಬೋಟ್ ಮುಂದೆ ನಮ್ಮ ಹವ್ಯಾಸದ ಬೋಟ್ ಕಾಯಬೇಕು, ಅದು ನ್ಯಾಯ ಕೂಡ.

ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಿಚ್ಚುವ ಮುಂಚಿನ ತಯಾರಿ. ಸ್ಟ್ರಿಂಗರ್ ತೆಗೆದ ಮೇಲೆ ಹಲ್ ಮೆತ್ತಗಿರುತ್ತದೆ, ಕೆಳಗೆ ಹೇಗೆ ಕೂತಿದೆಯೋ ಆ ಆಕಾರಕ್ಕೇ ಇಳಿದುಬಿಡುತ್ತದೆ. ಆ ಆಕಾರದಲ್ಲಿ ಹೊಸ ಸ್ಟ್ರಿಂಗರ್ ಅಂಟಿಸಿದರೆ ಹುಕ್ ಶಾಶ್ವತ. ಅದಕ್ಕೆ ತಳದ ಆಕಾರಕ್ಕೆ ಕತ್ತರಿಸಿದ ಹಲಗೆಗಳ ತೊಟ್ಟಿಲು ಮಾಡಿ, ಬೋಟನ್ನು ಅದರ ಮೇಲೆ ಕೂರಿಸಿ, ಪಟ್ಟಿ ಹಿಡಿದು ತಳ ನೇರ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಗ್ರೈಂಡರ್ ಮುಟ್ಟಿ. ಸ್ಟ್ರಿಂಗರ್‌ಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿ ಹಾಕಿ. ಎಲ್ಲ ಒಟ್ಟಿಗೆ ಕತ್ತರಿಸಬೇಡಿ. ಇಂಜಿನ್ ಮೌಂಟಿನ ಎತ್ತರ, ಟ್ರಾನ್ಸಮ್ ಕಿಂಡಿಯ ಜಾಗ ಎಲ್ಲವನ್ನೂ ಅಳೆದು ಗೋಡೆಯ ಮೇಲೆ ಬರೆದಿಡಿ.

ಮರಕ್ಕೆ ಐಎಸ್ 710 ಗುರುತಿರುವ ಮರೀನ್ ಪ್ಲೈ ತನ್ನಿ. ಅಂಗಡಿಯಲ್ಲಿ 710 ಅಂದರೆ ಸಾಕು, ಕೊಡುತ್ತಾರೆ. ಐಎಸ್‌ಐ ಗುರುತು ನೋಡಿ, ಅಂಚಿನಲ್ಲಿ ಪದರಗಳ ನಡುವೆ ಸಂದು ಇದೆಯಾ ನೋಡಿ. ಪ್ಲೈ ನೀರು ಕುಡಿಯುವುದು ಅಂಚಿನಿಂದ, ಹಾಗಾಗಿ ಕತ್ತರಿಸಿದ ಅಂಚಿಗೆಲ್ಲ ಮೊದಲು ಎಪಾಕ್ಸಿ ಕುಡಿಸಿ. ಮರ್‌ಕ್ರೂಸರ್ ಡ್ರೈವ್ ಆದರೆ ಸಿದ್ಧವಾದ ಟ್ರಾನ್ಸಮ್ಮಿನ ದಪ್ಪ 2ರಿಂದ 2.25 ಇಂಚಿನ ಒಳಗಿರಬೇಕು, ಒಳಮೈ ಹೊರಮೈ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಇಂಜಿನ್ ಅಲೈನ್‌ಮೆಂಟ್ ಕೂರುವುದೇ ಇಲ್ಲ. ಹೊಸ ಫೈಬರ್ ಹಳೆಯದಕ್ಕೆ ಸೇರುವ ಕಡೆ ಹಳೆಯದನ್ನು ಇಳಿಜಾರಾಗಿ ಉಜ್ಜಬೇಕು. ಒಂದು ಮಿಲಿಮೀಟರ್ ದಪ್ಪಕ್ಕೆ 12 ಮಿಲಿಮೀಟರ್ ಇಳಿಜಾರು. ಈ ಜೋಡಣೆಗಳಿಗೆ ನಾನು ಎಪಾಕ್ಸಿಯನ್ನೇ ಒತ್ತಾಯ ಮಾಡುತ್ತೇನೆ. ಹಳೆಯ ಬೋಟಿನ ಫೈಬರಿಗೆ ಬಳಸಿದ ಅಂಟು ಪಾಲಿಯೆಸ್ಟರ್ ರೆಸಿನ್. ಅದರ ಮೇಲೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿಯ ಹಿಡಿತ ಗಟ್ಟಿ. ದುಡ್ಡು ಉಳಿಸೋಕೆ ಬೇರೆ ಜಾಗ ಇದೆ.

ಬೇರೆ ಕಡೆ ಪಾಲಿಯೆಸ್ಟರ್ ಬಳಸುತ್ತೀರಿ ಅಂತಾದರೆ ಒಂದು ಎಚ್ಚರಿಕೆ. ನಮ್ಮಲ್ಲಿ ರೆಸಿನ್, ಕೋಬಾಲ್ಟ್, ಹಾರ್ಡ್ನರ್ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಕೊಡುವುದು ಸಾಮಾನ್ಯ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂತಿರುವುದು ಹಾರ್ಡ್ನರ್. ಇವೆರಡು ಯಾವತ್ತೂ ನೇರವಾಗಿ ಸೇರಬಾರದು. ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಎರಡಕ್ಕೂ ಒಂದೇ ಅಳತೆ ಲೋಟ ಬಳಸಬೇಡಿ, ಒಂದೇ ಕಪಾಟಿನಲ್ಲಿ ಇಡಬೇಡಿ. ಕನ್ನಡಕ, ಕೈಗವಸು, ಮುಖಕ್ಕೆ ಒಳ್ಳೆಯ ರೆಸ್ಪಿರೇಟರ್ ಇಲ್ಲದೆ ಶೆಡ್ಡಿಗೆ ಯಾರನ್ನೂ ಬಿಡಬೇಡಿ. ಸಹಾಯಕ್ಕೆ ಬರುವ ಹುಡುಗನಿಗೂ ಇದೇ ನಿಯಮ, ಅವನಿಗೆ ಮೊದಲು ಕೊಡಿಸಿ.

ಎಲ್ಲ ಮುಗಿದ ಮೇಲೆ ಮತ್ತೆ ತೂತು ಕೊರೆಯುತ್ತೀರಲ್ಲ, ಅಲ್ಲಿ ಜಾಗ್ರತೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿನ ತೂತು ಕೊರೆಯಿರಿ. ಆಗ ಸೀಲೆಂಟ್ ಹೋದರೂ ನೀರು ಮುಟ್ಟುವುದು ಎಪಾಕ್ಸಿಯನ್ನು, ಮರವನ್ನಲ್ಲ. ಒಂದೊಂದು ತೂತಿಗೂ ಎರಡು ದಿನದ ಕೆಲಸ ಆಗುತ್ತದೆ. ಬಿಡಬೇಡಿ. ಹಿಂದಿನವರು ಇಷ್ಟು ಮಾಡಿದ್ದಿದ್ದರೆ ನಾವು ಟ್ರಾನ್ಸಮ್ ಒಡೆಯುವ ಅಗತ್ಯವೇ ಇರುತ್ತಿರಲಿಲ್ಲ.

ಇಂಜಿನ್ ಕಟ್ಟುವಾಗ ಜೆಸಿ ರೋಡ್ ಕೈಬೀಸಿ ಕರೆಯುತ್ತದೆ. ಬೇರಿಂಗ್, ಪಿಸ್ಟನ್ ಕೆಲಸ ಪೀಣ್ಯದಲ್ಲಿ ಧಾರಾಳವಾಗಿ ಮಾಡಿಸಿ. ಆದರೆ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್, ಪೆಟ್ರೋಲ್ ಪಂಪ್, ಈ ಐದು ಮಾತ್ರ ಕಾರಿನದು ಹಾಕಬೇಡಿ. ಆಕಾರ ಒಂದೇ, ಬೋಲ್ಟೂ ಕೂರುತ್ತದೆ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಕೆಳಗೆ ಬಿದ್ದು ಹೋಗುತ್ತದೆ, ಬೋಟಿನಲ್ಲಿ ತಳದಲ್ಲಿ ತುಂಬಿ ನಿಲ್ಲುತ್ತದೆ. ಕಾರಿನ ಸ್ಟಾರ್ಟರ್ ಒಳಗೆ ಹಾರುವ ಕಿಡಿ ಹೊರಗಿನ ಆವಿಗೆ ತಗಲಬಹುದು. ಬೋಟಿನದ್ದನ್ನು ಕಿಡಿ ಹೊರಬರದ ಹಾಗೆ ಮುಚ್ಚಿ ಮಾಡಿರುತ್ತಾರೆ. ಬೋಟಿನ ಕಾರ್ಬುರೇಟರ್ ಉಕ್ಕಿದರೆ ಪೆಟ್ರೋಲ್ ಅದರ ಗಂಟಲಿಗೇ ಬೀಳುತ್ತದೆ, ಕಾರಿನದು ಉಕ್ಕಿದರೆ ಹೊರಗೆ ಸುರಿಯುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಆವಿ ಹೊರದೂಡುವ ಬ್ಲೋವರ್ ಓಡಿಸಿ, ಮುಚ್ಚಳ ಎತ್ತಿ ಮೂಗಿನಿಂದ ವಾಸನೆ ನೋಡಿ. ದಿನಾ ಮಾಡಿ, ಪ್ರತಿ ಸಲ ಮಾಡಿ.

ಪೆಟ್ರೋಲ್ ಅಂದಾಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾತು ಬರಲೇಬೇಕು. 2023ರ ಫೆಬ್ರುವರಿಯಲ್ಲಿ ಇಂಡಿಯಾ ಎನರ್ಜಿ ವೀಕ್ ನಡೆದಾಗ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಇದೇ ಬೆಂಗಳೂರಿನಲ್ಲಿ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಹಳೆಯ ಬೋಟಿನ ರಬ್ಬರ್ ಪೈಪ್ ಇದಕ್ಕೆ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪ್ ಎಲ್ಲ ಬದಲಾಯಿಸಿ, ನೀರು ಬೇರೆ ಮಾಡುವ ಫಿಲ್ಟರ್ ಹಾಕಿ, ಬೋಟ್ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ. ನೆಲದಡಿ ಫೋಮ್‌ನಲ್ಲಿ ಹೂತ ಅಲ್ಯೂಮಿನಿಯಂ ಟ್ಯಾಂಕ್ ಇದ್ದರೆ ಹೊರಗೆ ತೆಗೆದೇ ನೋಡಿ. ಒದ್ದೆ ಫೋಮ್ ತಾಗಿದ ಕಡೆ ಅದು ಹೊರಗಿನಿಂದ ಗುಳಿಬಿದ್ದಿರುತ್ತದೆ.

ಇಂಜಿನ್ ಟ್ಯೂನಿಂಗ್ ವಿಷಯದಲ್ಲಿ ಬೆಂಗಳೂರು ನಿಮಗೆ ಮೋಸ ಮಾಡಬಹುದು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿ ಸುಮಾರು ಶೇ. 10ರಷ್ಟು ತೆಳು. ಇಲ್ಲಿ ಗಾಳಿ–ಪೆಟ್ರೋಲಿನ ಮಿಕ್ಸ್ಚರ್ ಸರಿಮಾಡಿ ಪೆಟ್ರೋಲ್ ಬಿಡುವ ಜೆಟ್ ಕೂರಿಸಿದರೆ ಮಲ್ಪೆಯ ದಪ್ಪ ಗಾಳಿಯಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಕಾರು ಪೂರ್ತಿ ಆಕ್ಸಲರೇಟರಿನಲ್ಲಿ ಓಡೋದು ಅಪರೂಪ. ಸ್ಪೀಡ್‌ಬೋಟ್ ನಿಮಿಷಗಟ್ಟಲೆ ಹಾಗೇ ಓಡುತ್ತದೆ, ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ. ಇಲ್ಲಿ ಸುಮ್ನೆ ಐಡಲ್‌ನಲ್ಲಿ ಓಡಿಸಿ ಸೋರಿಕೆ ನೋಡಿ, ಸಾಕು. ಅದಕ್ಕೂ ಡ್ರೈವಿನ ನೀರಿನ ಬಾಯಿಗೆ ಮಫ್ ಅನ್ನುವ ರಬ್ಬರ್ ಬಟ್ಟಲು ಹಾಕಿ ಪೈಪಿನಲ್ಲಿ ನೀರು ಬಿಟ್ಟಿರಬೇಕು. ಒಣದಾಗಿ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಬಹಳ ಬೇಗ ಸುಟ್ಟುಹೋಗುತ್ತದೆ. ಕಾರ್ಬುರೇಟರಿನ ಕೊನೆಯ ಟ್ಯೂನಿಂಗ್ ಸಮುದ್ರದಲ್ಲೇ ಮಾಡಿ.

ಪ್ರೊಪೆಲ್ಲರ್ ಆಯ್ಕೆಯೂ ಅಲ್ಲೇ. ಪಿಚ್ ಅಂದರೆ ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಎಷ್ಟು ಇಂಚು ಮುಂದೆ ಹೋಗಬೇಕು ಅಂತ. ಇಂಜಿನ್ 4800 ಆರ್‌ಪಿಎಂ, ಗೇರ್ ಅನುಪಾತ 1.5, ಪಿಚ್ 23 ಇಂಚು ಅಂದರೆ ಲೆಕ್ಕಕ್ಕೆ ಗಂಟೆಗೆ 112 ಕಿ.ಮೀ. ಬರುತ್ತದೆ. ಜಿಪಿಎಸ್ 98 ತೋರಿಸಿದರೆ ಸ್ಲಿಪ್, ಅಂದರೆ ಲೆಕ್ಕದ ವೇಗಕ್ಕಿಂತ ಆದ ಕೊರತೆ, ಶೇ. 12ರ ಹತ್ತಿರ, ಅದು ಆರೋಗ್ಯದ ಲಕ್ಷಣ. ಸ್ಲಿಪ್ ಇಪ್ಪತ್ತು ದಾಟಿದರೆ ಪ್ರೊಪೆಲ್ಲರ್, ತೂಕ, ತಳದ ಹುಕ್ ಎಲ್ಲವನ್ನೂ ಮತ್ತೆ ನೋಡಬೇಕು. ಪೂರ್ತಿ ಆಕ್ಸಲರೇಟರಿನಲ್ಲಿ ಇಂಜಿನ್ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಪಿಚ್ ಇಳಿಸಿ. ಒಂದು ಇಂಚಿಗೆ 150ರಿಂದ 200 ಆರ್‌ಪಿಎಂ ಏರುತ್ತದೆ. ಮೊದಲ ದಿನವೇ ಪೂರ್ತಿ ವೇಗಕ್ಕೆ ಹೋಗಬೇಡಿ. ಆಳವಾದ ವಿ ತಳ ಹೆಚ್ಚು ವೇಗದಲ್ಲಿ ಎಡಕ್ಕೆ ಬಲಕ್ಕೆ ವಾಲಾಡಲು ಶುರು ಮಾಡುತ್ತದೆ. ಅದನ್ನು ಹಿಡಿಯೋದು ಕಲಿಯಬೇಕು. ಲೈಫ್ ಜಾಕೆಟ್ ಹಾಕಿ, ಎಳೆದ ಕೂಡಲೇ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಮೈಗೆ ಕಟ್ಟಿಕೊಳ್ಳಿ.

ಸಾಗಿಸುವ ವಿಷಯ ಚಿಕ್ಕದಾಗಿ. ಬೋಟ್ ಅಗಲ 2.6 ಮೀಟರ್ ಒಳಗಿದ್ದರೆ ರಸ್ತೆಯಲ್ಲಿ ಹೆಚ್ಚಿನ ತಲೆನೋವಿಲ್ಲ. ಶಿರಾಡಿ ಘಾಟ್ ಇಳಿಯುವ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ಉಪ್ಪು ನೀರಲ್ಲಿ ಮುಳುಗಿದ ಟ್ರೇಲರಿನ ವೀಲ್ ಬೇರಿಂಗ್ ಹೊರಡುವ ಮುಂಚೆ ಹೊಸದು ಹಾಕಿ. ಹಾಸನದಲ್ಲಿ ನಿಂತಾಗ ಹಬ್ ಮುಟ್ಟಿ ನೋಡಿ. ಕೈಯಿಡೋಕೆ ಆಗದಷ್ಟು ಬಿಸಿಯಾಗಿದ್ದರೆ ಘಾಟ್ ಇಳಿಯಬೇಡಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡು ಎಲ್ಲರಿಗೂ ಬೇಕಾದವು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: "ಸರ್, ಪ್ರತಿ ಸಲ ಮಲ್ಪೆವರೆಗೆ ಹೋಗೋದು ಕಷ್ಟ ಅಲ್ವಾ? ಹತ್ತಿರದಲ್ಲಿ ಎಲ್ಲಾದರೂ ಓಡಿಸಬಹುದಾ?"

ನಮ್ಮ ಊರಿನ ಕೆರೆಗಳ ಆಸೆ ಬಿಟ್ಟುಬಿಡಮ್ಮ. ಈ ಬೋಟಿಗೆ ಅವು ಸಾಲುವುದಿಲ್ಲ, ಅಲ್ಲಿನ ಹಕ್ಕಿಗಳಿಗೂ ಇದು ತಕ್ಕದ್ದಲ್ಲ. ಜಲಾಶಯ ಅಂದರೆ ಅಣೆಕಟ್ಟು ನೋಡಿಕೊಳ್ಳುವ ನಿಗಮದ ಅನುಮತಿ ಬೇಕು. 1917ರ ಹಳೆ ಕಾನೂನಿನ ಜಾಗದಲ್ಲಿ ಬಂದಿರುವ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಯಂತ್ರದ ಬೋಟಿಗೆ ಸರ್ವೆ ಮತ್ತು ನೋಂದಣಿ ಬೇಕು. ಕೊಳ್ಳುವ ಮುಂಚೆಯೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ವಿಚಾರಿಸಿ, ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅನುಮತಿ ಸಿಕ್ಕಿ ಸಿಹಿನೀರಿಗೆ ಇಳಿಸುವುದಾದರೆ ಡ್ರೈವ್ ಸವೆಯದಂತೆ ಬದಲಿಗೆ ತಾನು ಕರಗುವ ಸತುವಿನ ಆನೋಡ್ ತೆಗೆದು ಮೆಗ್ನೀಸಿಯಂ ಹಾಕಿ. ಸತು ಸಿಹಿನೀರಲ್ಲಿ ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಂ ಸಮುದ್ರದಲ್ಲಿ ಬಹಳ ಬೇಗ ಕರಗುತ್ತದೆ.

ಇನ್ನೊಬ್ಬರ ಪ್ರಶ್ನೆ: "ಟ್ರಾನ್ಸಮ್ ಕೊಳೆತಿದೆ ಅಂತ ಗೊತ್ತಾದ ಮೇಲೂ ಕೊಳ್ಳಬಹುದಾ?"

ಕೊಳ್ಳಬಹುದು. ನಾನು ಕೆಲವು ಸಲ ಅದನ್ನೇ ಆರಿಸಿಕೊಳ್ಳುತ್ತೇನೆ. ತಳ ಪಟ್ಟಿ ಹಿಡಿದಷ್ಟು ನೇರ, ಸ್ಟ್ರಿಂಗರ್ ಗಟ್ಟಿ, ಕಾಗದ ಸರಿ, ಟ್ರಾನ್ಸಮ್ ಮಾತ್ರ ಹೋಗಿದೆ ಅಂದರೆ ಅದು ಅಳತೆಗೆ ಸಿಗುವ ಕೆಲಸ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಿರುತ್ತದೆ. ಬೆಲೆ ಮಾತಾಡುವಾಗ ಇಂಜಿನ್ ಇಳಿಸಿ ಏರಿಸುವ ಖರ್ಚು, ಹೊಸ ಮ್ಯಾನಿಫೋಲ್ಡ್, ಬೆಲ್ಲೋಸ್, ಪೈಪ್, ವೈರಿಂಗ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕೊಂಡಷ್ಟೇ ದುಡ್ಡು ಇನ್ನೊಂದು ಸಲ ಕೈಯಲ್ಲಿ ಇಲ್ಲದಿದ್ದರೆ ಕಾಯಿರಿ. ಬಣ್ಣ ಹೊಸದು, ಕೆಳಗೆ ಏನಿದೆ ಅಂತ ತಟ್ಟಿ ನೋಡೋಕೂ ಬಿಡಲ್ಲ ಅನ್ನುವ ಬೋಟ್ ಎಷ್ಟೇ ಚೆಂದ ಇದ್ದರೂ ಬೇಡ. ಸರಿಯಾದದ್ದು ಸಿಕ್ಕಿದರೆ ನವೆಂಬರ್ ಕೊನೆಗೆ ಇಲ್ಲಿಗೆ ತನ್ನಿ. ಡಿಸೆಂಬರಿನಲ್ಲಿ ಬಿಚ್ಚಿ, ಮಾರ್ಚ್‌ವರೆಗೆ ಒಣಗೋಕೆ ಬಿಡಿ, ಮೇ ತಿಂಗಳ ಮಳೆ ಬರುವ ಮುಂಚೆ ಫೈಬರ್ ಕೆಲಸ ಮುಗಿಸಿ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಇಂಜಿನ್, ವೈರಿಂಗ್ ಮಾಡಿಕೊಂಡರೆ ಅಕ್ಟೋಬರ್ ಹೊತ್ತಿಗೆ ಸಮುದ್ರ ಶಾಂತವಾಗುವಾಗ ನಿಮ್ಮ ಬೋಟೂ ತಯಾರಿರುತ್ತದೆ.